ತಿಕೋಟಾದ ತೋಟದಿಂದ ಜೋಡಿ ಕ್ವೇಸಾರ್

ವಿಜಯಪುರದ ಮಾಳಿಗೆ ಮೇಲಿಂದ ಜೋಡಿ ಕ್ವೇಸಾರ್‌ನ ಚಿತ್ರ ತೆಗೆಯುವುದು ಆಗುವ ಕೆಲಸವಲ್ಲ, ಬೀದಿದೀಪಗಳ ಕಾಟ. ಕ್ವೇಸಾರ್ ಅಂದರೆ ಬಹುದೂರದ ಗೆಲಾಕ್ಸಿಯೊಂದರ ಪ್ರಖರ ನಡುಭಾಗ. ಇದು ಇರುವುದು ಒಂದೇ, ನಡುವಿನ ಇನ್ನೊಂದು ಗೆಲಾಕ್ಸಿ ಬೆಳಕನ್ನು ಬಗ್ಗಿಸುವುದರಿಂದ ಎರಡು ಚುಕ್ಕೆಯಾಗಿ ಕಾಣುತ್ತದೆ. ಫೆಬ್ರವರಿ ಅಮಾವಾಸ್ಯೆಯ ಆಸುಪಾಸು ಎಂಟಿಂಚಿನ ಟೆಲಿಸ್ಕೋಪ್ ಕಟ್ಟಿಕೊಂಡು ತಿಕೋಟಾ ಕಡೆಯ ಗೆಳೆಯನ ದ್ರಾಕ್ಷಿ ತೋಟಕ್ಕೆ ಹೋಗುತ್ತೇನೆ. ನಮ್ಮಲ್ಲಿ ಧ್ರುವ ನಕ್ಷತ್ರ ಇರುವುದೇ 17 ಡಿಗ್ರಿ ಎತ್ತರದಲ್ಲಿ. ಉತ್ತರಕ್ಕೊಂದು ಬೇವಿನ ಮರ ಅಡ್ಡವಿದ್ದರೆ, ಆ ನಕ್ಷತ್ರ ನೋಡಿ ಟೆಲಿಸ್ಕೋಪಿನ ಮೌಂಟ್ (ತಿರುಗುವ ನಿಲುವು) ಹೊಂದಿಸಲು ಆಗುವುದೇ ಇಲ್ಲ. ಸಪ್ತರ್ಷಿ ಮಂಡಲದ ಈ ಕ್ವೇಸಾರ್, ಕ್ಯೂ 0957+561, ಮಾತ್ರ ನಡುರಾತ್ರಿಗೆ 51 ಡಿಗ್ರಿ ಏರುತ್ತದೆ.

ಮೊದಲು ಎನ್‌ಜಿಸಿ 3079 ಗೆಲಾಕ್ಸಿಯ ತೆಳು ಗೀಟು ಹಿಡಿಯಬೇಕು. ಅದರ ಉತ್ತರಕ್ಕೆ ಕಾಲು ಡಿಗ್ರಿಯೊಳಗೇ ನಮ್ಮ ಗುರಿ. ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ಮಂಕು) ಸುಮಾರು 17. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಸಿಗುತ್ತದೆ. ಒಂದೊಂದು ನಿಮಿಷದ ಚಿತ್ರಗಳನ್ನು ತೆಗೆದು, ಗಾಳಿಗೆ ಅಲುಗಿದ್ದನ್ನು ಬಿಸಾಕಿ, ಉಳಿದವನ್ನು ಕೂಡಿಸುತ್ತೇನೆ. ಎರಡು ಚುಕ್ಕೆಗಳ ನಡುವಿನ ಅಂತರ 6 ಆರ್ಕ್ ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್ ಸೆಕೆಂಡ್), ನನ್ನ ಕ್ಯಾಮೆರಾದಲ್ಲಿ ಎಂಟು ಪಿಕ್ಸೆಲ್. ಫೋಕಸ್ ಕೂದಲಷ್ಟು ತಪ್ಪಿದರೂ ಎರಡೂ ಸೇರಿ ಒಂದು ಉದ್ದನೆಯ ಕಲೆ.

ಲ್ಯಾಪ್‌ಟಾಪಿನಲ್ಲಿ ಜೋಡಿ ಚುಕ್ಕೆ ಮೂಡಿದಾಗ ಗೆಳೆಯನ ಕಾಕಾ ಕೇಳಿದರು: "ಎರಡು ಅದಾವಲ್ಲೋ ತಮ್ಮಾ, ಒಂದ ಅಂತ ಹ್ಯಾಂಗ ಹೇಳ್ತಿ?"

ಸರಿಯಾದ ಪ್ರಶ್ನೆ. ನನ್ನ ಚಿತ್ರ ಅದಕ್ಕೆ ಸಾಕ್ಷಿಯಲ್ಲ. ಅಕ್ಕಪಕ್ಕ ಕಾಣುವ ಚುಕ್ಕೆಗಳು ಆಕಾಶದ ತುಂಬ ಇವೆ. 1979ರಲ್ಲಿ ಖಗೋಳಜ್ಞರಾದ ವಾಲ್ಶ್, ಕಾರ್ಸ್‌ವೆಲ್, ವೇಮನ್ ಎರಡರ ರೋಹಿತವನ್ನೂ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯನ್ನು, ತೆಗೆದರು. ರೇಖೆಗಳು ಒಂದೇ ಥರ, ಕೆಂಪು ಪಲ್ಲಟವೂ (ದೂರ ಹೆಚ್ಚಿದಷ್ಟೂ ಬೆಳಕು ಕೆಂಪಿನ ಕಡೆ ಸರಿಯುವ ಪ್ರಮಾಣ) ಒಂದೇ, 1.41. ಆಮೇಲೆ ನಡುವಿನ ಗೆಲಾಕ್ಸಿಯೂ ಸಿಕ್ಕಿತು. ಅದರ ಪಲ್ಲಟ 0.36, ಅಂದರೆ ಕ್ವೇಸಾರ್‌ಗಿಂತ ಎಷ್ಟೋ ಈಚೆ. ಬೆಳಕನ್ನು ಬಗ್ಗಿಸುವುದು ಅದು, ಅದಿರುವ ಗೆಲಾಕ್ಸಿ ಗುಂಪೂ ಕೈಜೋಡಿಸುತ್ತದೆ.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು ಮುಂದಿನದು. ಎರಡು ದಾರಿಗಳ ಉದ್ದ ಬೇರೆ, ಹಾಗಾಗಿ ಎ ಎಂದು ಕರೆಯುವ ಒಂದು ಚುಕ್ಕೆಯಲ್ಲಿ ಆದದ್ದು ಬಿ ಎಂಬ ಇನ್ನೊಂದು ಚುಕ್ಕೆಯಲ್ಲಿ ತಡವಾಗಿ ಕಾಣಬೇಕು. ಎಷ್ಟು ತಡ ಎಂಬುದಕ್ಕೆ ವರ್ಷಗಟ್ಟಲೆ ಜಗಳ: ಸುಮಾರು 415 ದಿನವೋ, 540 ದಿನವೋ? 1994ರ ಡಿಸೆಂಬರ್‌ನಲ್ಲಿ ಎ ಥಟ್ಟನೆ ಮಂಕಾಯಿತು. ಖಗೋಳಜ್ಞರು ಬಿ ಯಾವಾಗ ಮಂಕಾಗಬಹುದೆಂದು ಮೊದಲೇ ಬರೆದಿಟ್ಟು ಕಾದರು. 1996ರ ಫೆಬ್ರವರಿಯಲ್ಲಿ ಬಿ ಕೂಡ ಹಾಗೆಯೇ ಇಳಿಯಿತು. ಲೆಕ್ಕ 417 ದಿನಕ್ಕೆ ನಿಂತಿತು.

ಆ ಇಳಿತ ಸುಮಾರು 0.1 ಕಾಂತಿಮಾನದಷ್ಟು. ಎರಡರ ಬೆಳಕೂ ಒಂದರೊಳಗೊಂದು ಸೋರುವ ಎಂಟಿಂಚಿನಲ್ಲಿ ಅದನ್ನು ನಂಬಿಕೆಯಿಂದ ಅಳೆಯಲಾಗದು. "ಅಂದ್ರ ವರ್ಷದ ಮ್ಯಾಲ ಕಾಯಬೇಕು," ಎಂದ ಕಾಕಾ ಒಣದ್ರಾಕ್ಷಿ ಶೆಡ್ಡಿನ ಬಲ್ಬ್ ಹಾಕಲು ಎದ್ದರು. ಇನ್ನೊಂದು ತಾಸು ತಡೀರಿ ಎಂದು ಕೂರಿಸಿದೆ.