ಮುದ್ದೆ ತೂಗಲು ಶುರು ಮಾಡಿದ ಮೇಲೆ

ನನಗೆ ಶುಗರ್ ಇದೆ ಅಂತ ಗೊತ್ತಾಗಿದ್ದು ಒಬ್ಬ ಅಜ್ಜಿಯಿಂದ. ಹಾಸನದ ಹತ್ತಿರ ಒಂದು ಸಣ್ಣ ಊರಲ್ಲಿ ನನ್ನ ಕ್ಲಿನಿಕ್ ಇದೆ. ಬೆರಳು ಚುಚ್ಚಿಸಿಕೊಳ್ಳಲು ಅಜ್ಜಿ ಸುತಾರಾಂ ಒಪ್ಪಲಿಲ್ಲ. "ಮೊದ್ಲು ನೀನು ಚುಚ್ಕೊಂಡು ತೋರ್ಸಪ್ಪ" ಅಂದರು. ಸರಿ ಅಂತ ಹೊಸ ಸೂಜಿ ತೆಗೆದು ಚುಚ್ಚಿಕೊಂಡೆ. ನೋವಾಗಲ್ಲ ನೋಡಿ ಅಂತ ನಗುತ್ತಲೇ ರಕ್ತದ ಹನಿಯನ್ನು ಸ್ಟ್ರಿಪ್‌ಗೆ ತಾಗಿಸಿದೆ. ಮೀಟರ್ 227 ತೋರಿಸಿತು. ಊಟ ಮಾಡಿ ಒಂದೂವರೆ ಗಂಟೆ ಆಗಿತ್ತು. ಆಮೇಲೆ ನೋಡಿದರೆ ಅಜ್ಜಿಯದು 131.

ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದೆ. 138 ಬಂತು. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.9. ಖಾಲಿ ಹೊಟ್ಟೆಯಲ್ಲಿ 126 ಅಥವಾ ಸರಾಸರಿ 6.5 ಮುಟ್ಟಿದರೆ ಡಯಾಬಿಟಿಸ್ ಅಂತ ನಾನೇ ದಿನಾ ಹೇಳುತ್ತಿದ್ದೆ. ಆದರೂ ಲ್ಯಾಬಿನವರೇ ಏನೋ ಎಡವಟ್ಟು ಮಾಡಿದ್ದಾರೆ ಅಂದುಕೊಂಡು ವಾರ ಬಿಟ್ಟು ಇನ್ನೊಂದು ಕಡೆ ಮಾಡಿಸಿದೆ. ಅಲ್ಲೂ ಅದೇ ಕತೆ.

ಆಗ ನನಗೆ 46. ಎತ್ತರ 168 ಸೆಂ.ಮೀ., ತೂಕ 72.5 ಕೆ.ಜಿ. ಯಾರೂ ನನ್ನನ್ನು ದಪ್ಪ ಅನ್ನುತ್ತಿರಲಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಷರ್ಟಿನ ಗುಂಡಿ ಎಳೆಯುತ್ತಿತ್ತು. ಟೇಪು ಸುತ್ತಿದರೆ ಸೊಂಟ 96 ಸೆಂ.ಮೀ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಲೆಕ್ಕ, ಅಂದರೆ ಬಿಎಂಐ, 25.7. ನಮ್ಮ ಮೈಕಟ್ಟಿಗೆ 23ರಿಂದಲೇ ತೂಕ ಜಾಸ್ತಿ, 25ರಿಂದ ಬೊಜ್ಜು. ಸ್ಕ್ಯಾನಿಂಗ್ ಮಾಡಿಸಿದರೆ ಫ್ಯಾಟಿ ಲಿವರ್, ಅಂದರೆ ಲಿವರ್ ತುಂಬ ಕೊಬ್ಬು, ಅಂತ ಬಂತು. ಇದೆಲ್ಲ ರೋಗಿಗಳ ಚೀಟಿಯ ಮೇಲೆ ಬರೆಯುವಾಗ ಬರೀ ಅಂಕಿ.

ಆವತ್ತು ರಾತ್ರಿ ನೆನಪಾಗಿದ್ದು ಒಂದು ಫೋಟೊ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಪಕ್ಕಪಕ್ಕ ನಿಂತು ತೆಗೆಸಿಕೊಂಡ ಫೋಟೊ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯಲ್ಲಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ನೋಡಲು ತೆಳ್ಳಗಿರುವ ನಮ್ಮವರ ಕೊಬ್ಬು ಎಲ್ಲಿ ಅಡಗಿ ಕೂತಿರುತ್ತದೆ ಅಂತ ಪಾಠ ಮಾಡುವಾಗ ತೋರಿಸುವ ಚಿತ್ರ ಅದು. ಪಾಠ ಕೇಳಿ ಪಾಸಾಗಿ ಮರೆತಿದ್ದೆ.

ಮಾತ್ರೆ ಶುರು ಮಾಡುವ ಮೊದಲು ಓದಲು ಕೂತೆ. ನನ್ನ ಮನಸ್ಸು ತಿರುಗಿಸಿದ್ದು ಬ್ರಿಟನ್ನಿನ ಡೈರೆಕ್ಟ್ ಅನ್ನುವ ಅಧ್ಯಯನ. ನ್ಯೂಕ್ಯಾಸಲ್‌ನ ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ನಡೆಸಿದ್ದು. ಮೊದಲ ಫಲಿತಾಂಶ ಬಂದಿದ್ದು 2017ರ ಕೊನೆಗೆ. ಶುಗರ್ ಬಂದು ಆರು ವರ್ಷ ದಾಟದ 306 ಜನರನ್ನು ತೆಗೆದುಕೊಂಡರು. ಅರ್ಧ ಜನಕ್ಕೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಶೇಕ್ ಮತ್ತು ಸೂಪ್ ಮಾತ್ರ. ಉಳಿದವರಿಗೆ ಮಾಮೂಲಿ ಚಿಕಿತ್ಸೆ. ವರ್ಷದ ಕೊನೆಗೆ ಮಾತ್ರೆಯೇ ಇಲ್ಲದೆ ಸರಾಸರಿ ಶುಗರ್ 6.5ಕ್ಕಿಂತ ಕೆಳಗಿದ್ದವರು ಮೊದಲ ಗುಂಪಿನಲ್ಲಿ ಶೇ 46, ಎರಡನೆಯದರಲ್ಲಿ ಶೇ 4. 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರನ್ನು ಮಾತ್ರ ನೋಡಿದರೆ ಶೇ 86.

ಇದು ಹೇಗೆ ಅನ್ನುವುದಕ್ಕೆ ಟೇಲರ್ ಹೇಳುವ ಕಾರಣ ಸರಳ. ಜಾಸ್ತಿಯಾದ ಕೊಬ್ಬು ಮೊದಲು ಲಿವರ್‌ನಲ್ಲಿ ಸೇರುತ್ತದೆ. ಆಗ ಲಿವರ್ ಇನ್ಸುಲಿನ್ ಮಾತು ಕೇಳುವುದಿಲ್ಲ, ರಾತ್ರಿಯಿಡೀ ಸಕ್ಕರೆ ಬಿಡುತ್ತಲೇ ಇರುತ್ತದೆ. ಅಲ್ಲಿಂದ ಕೊಬ್ಬು ಮೇದೋಜೀರಕ ಗ್ರಂಥಿಗೂ ಹೋಗಿ ಇನ್ಸುಲಿನ್ ತಯಾರಿಕೆಯನ್ನೇ ಕುಗ್ಗಿಸುತ್ತದೆ. ಎಷ್ಟು ಕೊಬ್ಬು ತಡೆದುಕೊಳ್ಳಬಲ್ಲರು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. 2011ರಲ್ಲಿ ಅವರು 11 ಜನರಿಗೆ 600 ಕ್ಯಾಲೊರಿ ಕೊಟ್ಟಾಗ ಖಾಲಿ ಹೊಟ್ಟೆಯ ಶುಗರ್ ಒಂದೇ ವಾರದಲ್ಲಿ ಸರಿಯಾಗಿತ್ತು. ಆಮೇಲೆ ಹೆಚ್ಚು ದಪ್ಪ ಇಲ್ಲದ 20 ಜನರ ಮೇಲೆ ನೋಡಿದರು. ಅವರ ಬಿಎಂಐ ಎಲ್ಲ 27ಕ್ಕಿಂತ ಕೆಳಗೆ. 14 ಜನರಿಗೆ ಶುಗರ್ ಹಿಂದೆ ಸರಿಯಿತು. ನನ್ನಂಥವನಿಗೂ ಬಾಗಿಲು ತೆರೆದಿದೆ ಅನ್ನಿಸಿದ್ದು ಈ ಒಂದು ಸಣ್ಣ ಅಧ್ಯಯನದಿಂದ.

ಯಾವ ಡಯಟ್? ಈ ಜಗಳದಲ್ಲಿ ನಾನು ಜಾಸ್ತಿ ಹೊತ್ತು ಕಳೆಯಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಗಾರ್ಡ್‌ನರ್ ತಂಡ 609 ಜನರಲ್ಲಿ ಅರ್ಧ ಜನಕ್ಕೆ ಕೊಬ್ಬು ಕಡಿಮೆ, ಇನ್ನರ್ಧಕ್ಕೆ ಕಾರ್ಬ್, ಅಂದರೆ ಪಿಷ್ಟ ಸಕ್ಕರೆ, ಕಡಿಮೆ ಊಟ ಹೇಳಿ ವರ್ಷ ನೋಡಿತು. 2018ರಲ್ಲಿ ಬಂದ ಲೆಕ್ಕ: ಮೊದಲ ಗುಂಪು ಇಳಿಸಿದ್ದು ಸರಾಸರಿ 5.3 ಕೆ.ಜಿ., ಎರಡನೆಯದು 6 ಕೆ.ಜಿ. ಎರಡೂ ಒಂದೇ ಅನ್ನಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಾರ್ಬ್ ಪೂರಾ ಬಿಡಿ ಅನ್ನುವ ಕೀಟೊ ಪಂಗಡ, ಉಪವಾಸದ ಪಂಗಡ ಕಿತ್ತಾಡುವುದನ್ನು ನೋಡಿದರೆ ನನಗೆ ಈಗಲೂ ನಗು ಬರುತ್ತದೆ. ತೂಕ ಇಳಿಯಬೇಕು, ಇಳಿದದ್ದು ನಿಲ್ಲಬೇಕು. ನಾನು ವರ್ಷಗಟ್ಟಲೆ ತಿನ್ನಬಲ್ಲ ಊಟ ಯಾವುದು ಅನ್ನುವುದೊಂದೇ ಪ್ರಶ್ನೆ. ಶೇಕ್ ಅಂತೂ ಅಲ್ಲ.

ಹಾಗಾಗಿ ತರಕಾರಿ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ತಂದು ಅಡುಗೆಮನೆಯಲ್ಲಿಟ್ಟೆ. ಮೊದಲ ದಿನ ತಿನ್ನುವುದನ್ನು ಕಡಿಮೆ ಮಾಡಲಿಲ್ಲ, ಬರೀ ಅಳೆದೆ. ಅಮ್ಮ ಎಸರಿಗೆ ಹಾಕುವ ರಾಗಿಹಿಟ್ಟು ತೂಗಿ ಲೆಕ್ಕ ಹಾಕಿದರೆ ನನ್ನ ಒಂದು ಮುದ್ದೆಗೆ 140 ಗ್ರಾಂ ಹಿಟ್ಟು. ಅಂದರೆ 450 ಕ್ಯಾಲೊರಿ. ಅದರ ಮೇಲೆ ಎರಡು ಸೌಟು ಅನ್ನ. ರಾಗಿ ಶುಗರ್‌ಗೆ ಒಳ್ಳೇದು ಅಂತ ಎಲ್ಲರೂ ಹೇಳುತ್ತೇವೆ ಅಲ್ವಾ? ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್, ಅಕ್ಕಿಯಲ್ಲಿ 78. ದೊಡ್ಡ ಮುದ್ದೆ ನುಂಗಿದರೆ ಆ ವ್ಯತ್ಯಾಸ ಎಲ್ಲೋ ಹೋಗುತ್ತದೆ. ಎಷ್ಟೋ ರೋಗಿಗಳಿಗೆ "ಅನ್ನ ಬಿಡಿ, ಮುದ್ದೆ ತಿನ್ನಿ" ಅಂತ ಕಳಿಸಿದ್ದೇನೆ. ಮುದ್ದೆ ಎಷ್ಟು ದಪ್ಪ ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಎಣ್ಣೆ ಇನ್ನೂ ಮೋಸ. ಐದು ಲೀಟರಿನ ಕ್ಯಾನ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದಿಟ್ಟೆ. ಮನೆಯಲ್ಲಿ ನಾಲ್ಕು ಜನ, ಸರಿಯಾಗಿ ಒಂದು ತಿಂಗಳಿಗೆ ಮುಗಿಯಿತು. ತಲೆಗೆ ದಿನಕ್ಕೆ 38 ಗ್ರಾಂ. ಬರೀ ಎಣ್ಣೆಯಿಂದಲೇ 340 ಕ್ಯಾಲೊರಿ, ಕಣ್ಣಿಗೆ ಕಾಣದೆ.

ಆಮೇಲೆ ಶುರು ಮಾಡಿದೆ. 12 ವಾರ, ದಿನಕ್ಕೆ ಸುಮಾರು 850 ಕ್ಯಾಲೊರಿ. ಬೆಳಿಗ್ಗೆ ಬೇಯಿಸಿದ ಎರಡು ಮೊಟ್ಟೆ, ಒಂದು ಲೋಟ ಕೆನೆ ತೆಗೆದ ಹಾಲು. ಮಧ್ಯಾಹ್ನ 40 ಗ್ರಾಂ ಹಿಟ್ಟಿನ ಮುದ್ದೆ, ಅಂದರೆ ದೊಡ್ಡ ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ. ಜೊತೆಗೆ ಸೊಪ್ಪು ಕಾಳಿನ ಬಸ್ಸಾರು, ಅದರ ಪಲ್ಯ, ನೀರು ಮಜ್ಜಿಗೆ. ಸಂಜೆ ಸೌತೆಕಾಯಿ, ಇಲ್ಲಾ ಅರ್ಧ ಸೀಬೆಹಣ್ಣು. ರಾತ್ರಿ 100 ಗ್ರಾಂ ಕೋಳಿ ಅಥವಾ ಮೊಳಕೆ ಹೆಸರುಕಾಳಿನ ಉಸಲಿ, ಹುರುಳಿಕಾಯಿಯೋ ಎಲೆಕೋಸೋ ಒಂದು ಬಟ್ಟಲು. ಎಣ್ಣೆ ಇಡೀ ದಿನಕ್ಕೆ ಎರಡು ಟೀ ಚಮಚ. ಒಂದು ಮಲ್ಟಿವಿಟಮಿನ್ ಮಾತ್ರೆ. ನೀರು ಬೇಕಾದಷ್ಟು.

ಅಮ್ಮನಿಗೆ ಆ ಮುದ್ದೆ ಕಟ್ಟಲು ಕೈಯೇ ಬರುತ್ತಿರಲಿಲ್ಲ. "ಇದೇನ್ ಮಗೂಗೆ ಕಟ್ಟೋ ಮುದ್ದೆಯೇನ್ಲಾ? ಜನ ನೋಡಿದ್ರೆ ಇವ್ಳು ಮಗನಿಗೆ ಹೊಟ್ಟೆಗಿಕ್ಕಲ್ಲ ಅಂತಾರೆ" ಅಂತ ಗೊಣಗುತ್ತಿದ್ದರು. ತಕ್ಕಡಿ ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ಊಟ ತೂಗಿದರೆ ದರಿದ್ರ ಅಂತ ಅವರ ನಂಬಿಕೆ.

ಮೊದಲ ವಾರ 2.6 ಕೆ.ಜಿ. ಇಳಿಯಿತು. ಅದರಲ್ಲಿ ಹೆಚ್ಚಿನದು ನೀರು. ಲಿವರ್ ಮತ್ತು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾದಾಗ ಅದರ ಜೊತೆ ಹಿಡಿದಿಟ್ಟ ನೀರೂ ಹೋಗುತ್ತದೆ. ಇದು ಗೊತ್ತಿಲ್ಲದವರು ಮೊದಲ ವಾರ ಕುಣಿದಾಡಿ ಮೂರನೇ ವಾರ ಬಿಟ್ಟುಬಿಡುತ್ತಾರೆ. ಎಂಟನೇ ದಿನ ಖಾಲಿ ಹೊಟ್ಟೆಯ ಶುಗರ್ 104. ಆವತ್ತು ಮಾತ್ರ ನಾನೂ ಕುಣಿದಾಡಿದೆ.

ಹತ್ತೊಂಬತ್ತನೇ ದಿನ ಎಡವಟ್ಟು ಮಾಡಿಕೊಂಡೆ. ಬಗ್ಗಿ ಒಬ್ಬರ ಕಾಲಿನ ಗಾಯ ನೋಡಿ ಎದ್ದು ನಿಂತೆ, ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡೆ. ರೋಗಿಯೇ ಎದ್ದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಬಿಪಿ ನೋಡಿದರೆ 92/60. ಮೂರು ವರ್ಷದಿಂದ ನುಂಗುತ್ತಿದ್ದ ಬಿಪಿ ಮಾತ್ರೆಯನ್ನು ಆವತ್ತು ಬೆಳಿಗ್ಗೆಯೂ ನುಂಗಿದ್ದೆ! ಡೈರೆಕ್ಟ್ ಅಧ್ಯಯನದಲ್ಲಿ ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡನ್ನೂ ಮೊದಲ ದಿನವೇ ನಿಲ್ಲಿಸಿದ್ದರು, ಬಿಪಿ ಏರಿದರೆ ಮತ್ತೆ ಕೊಡುತ್ತಿದ್ದರು. ಅದನ್ನು ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ನನಗೆ ನಾನೇ ಡಾಕ್ಟರಾದರೆ ಹೀಗೇ. ಅವತ್ತೇ ಹಾಸನದಲ್ಲಿರುವ ನನ್ನ ಫಿಸಿಶಿಯನ್ ಗೆಳೆಯನಿಗೆ ಫೋನ್ ಮಾಡಿ ಇನ್ಮೇಲೆ ನನ್ನ ಕೇಸು ನಿನ್ನದು ಅಂದೆ. ಬೈದ, ಆಮೇಲೆ ಒಪ್ಪಿಕೊಂಡ.

ಇದನ್ನು ಓದಿ ನಾಳೆಯಿಂದಲೇ ಶುರು ಮಾಡುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಊಟ ಇಷ್ಟು ಇಳಿಸಿದರೆ ಶುಗರ್ ಅಪಾಯದ ಮಟ್ಟಕ್ಕೆ ಬೀಳುತ್ತದೆ. ಡಾಪಾಗ್ಲಿಫ್ಲೋಜಿನ್ ಥರದ್ದು ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಭಯ ಇದೆ. ಬಸುರಿಯರು, ಕಿಡ್ನಿ ತೊಂದರೆಯವರು ಈ ಕಡೆ ಬರಲೇಬೇಡಿ. ನಿಮ್ಮ ಡಾಕ್ಟರನ್ನು ಕೇಳದೆ ಮಾತ್ರೆ ಬಿಡುವುದೂ ಬೇಡ, ಊಟ ಬಿಡುವುದೂ ಬೇಡ.

ಏಳನೇ ವಾರ ದೊಡ್ಡಪ್ಪನ ಮಗಳ ಮದುವೆಯ ಬೀಗರೂಟ. ಎಲೆ ಮೇಲೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಬಡಿಸುವವರು ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಹಾಕುವ ಪೈಕಿ. ಹೊಟ್ಟೆ ತುಂಬಾ ತಿಂದೆ. ಮಾರನೇ ಬೆಳಿಗ್ಗೆ ತೂಕ 1.3 ಕೆ.ಜಿ. ಜಾಸ್ತಿ. ಹೆಂಡತಿ "ರೀ, ಒಂದೇ ಊಟಕ್ಕೆ ಅಷ್ಟು ಕೊಬ್ಬು ಬರುತ್ತಾ?" ಅಂತ ಕೇಳಿದಳು. ಬರಲ್ಲ. ಉಪ್ಪು, ನೀರು, ಇನ್ನೂ ಕರುಳಲ್ಲೇ ಇದ್ದ ಊಟ. ಮೂರು ದಿನಕ್ಕೆ ಇಳಿಯಿತು.

12 ವಾರ ಮುಗಿದಾಗ ತೂಕ 63.5, ಸೊಂಟ 86. ಸರಾಸರಿ ಶುಗರ್ 5.8. ಬಿಪಿ ಮಾತ್ರೆ ಬೇಕಾಗಲೇ ಇಲ್ಲ. ಚೆನ್ನಾಗಿಲ್ಲದ್ದೂ ಇತ್ತು. ನಾಲ್ಕನೇ ತಿಂಗಳು ಬಾಚಣಿಗೆ ತುಂಬ ಕೂದಲು ಬಂತು. ತೂಕ ಬೇಗ ಇಳಿದಾಗ ಹೀಗಾಗುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಬೆಳೆಯಿತು. ತೊಡೆ ಸೊರಗಿತು, ಅದು ಮಾತ್ರ ಬೇಸರ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಈಗ ವಾರಕ್ಕೆ ಮೂರು ದಿನ ಬಸ್ಕಿ ಹೊಡೆಯುತ್ತೇನೆ, ಕಾಳು ಮೊಟ್ಟೆ ಜಾಸ್ತಿ ತಿನ್ನುತ್ತೇನೆ. ಮೊದಲೇ ಮಾಡಬೇಕಿತ್ತು. ಕ್ಲಿನಿಕ್‌ಗೆ ಬಂದವರೆಲ್ಲ "ಏನ್ ಡಾಕ್ಟ್ರೇ, ಹುಷಾರಿಲ್ವಾ?" ಅಂತ ಕೇಳುತ್ತಿದ್ದರು. ಶುಗರ್ ಬಂದಾಗ ಯಾರೂ ಕೇಳಿರಲಿಲ್ಲ.

ಅಸಲು ಕಷ್ಟ ಶುರುವಾಗಿದ್ದು ಆಮೇಲೆ. ಡೈರೆಕ್ಟ್‌ನಲ್ಲೂ ಎರಡನೇ ವರ್ಷಕ್ಕೆ ಶೇ 46 ಇದ್ದದ್ದು 36ಕ್ಕೆ ಇಳಿದಿತ್ತು. ತೂಕ ವಾಪಸ್ ಬಂದವರಿಗೆ ಶುಗರ್ ಕೂಡ ವಾಪಸ್ ಬಂತು. ನಾನು ಈಗ ಮಧ್ಯಾಹ್ನ 70 ಗ್ರಾಂ ಹಿಟ್ಟಿನ ಮುದ್ದೆ ತಿನ್ನುತ್ತೇನೆ. ಅನ್ನ ವಾರಕ್ಕೆರಡು ಸಲ. ಎಣ್ಣೆ ಕ್ಯಾನ್ ಎರಡು ತಿಂಗಳು ಬರುತ್ತದೆ, ತಾರೀಖು ಈಗಲೂ ಬರೆಯುತ್ತೇನೆ. ಶನಿವಾರ ಬೆಳಿಗ್ಗೆ ತೂಕ. 67 ದಾಟಿದರೆ ಎರಡು ವಾರ ಹಳೇ ಲೆಕ್ಕ. ವರ್ಷಕ್ಕೆ 65.8 ಇತ್ತು, ಸರಾಸರಿ 6.0.

ಈಗ ಎರಡನೇ ವರ್ಷ, ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರಿಗೆ ಯಾರು ಲೆಕ್ಕ ಇಡುತ್ತಾರೆ? ಹೋದ ಶನಿವಾರ 67.4 ತೋರಿಸಿತು, ಸರಾಸರಿ 6.3. ಅಮ್ಮನಿಗೆ ಹೇಳಿದೆ. ಏನೂ ಮಾತಾಡದೆ ಎದ್ದು ಹೋಗಿ ಅಟ್ಟದ ಮೇಲಿಟ್ಟಿದ್ದ ತಕ್ಕಡಿ ತಂದು ಒರೆಸಿ ಒಲೆ ಪಕ್ಕ ಇಟ್ಟರು.