ಅರ್ಥಶಾಸ್ತ್ರದ ಸ್ನಾತಕೋತ್ತರ ಓದು: ಒಂದು ಕೋಷ್ಟಕವನ್ನು ಮತ್ತೆ ಕಟ್ಟಿದ ಅನುಭವ

ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರಿದಾಗ, ವಿಷಯ ನನಗೆ ತಕ್ಕಮಟ್ಟಿಗೆ ಗೊತ್ತಿದೆ ಎಂದೇ ನಂಬಿದ್ದೆ. ಬೇಡಿಕೆಯ ನಿಯಮ, ರಾಷ್ಟ್ರೀಯ ಆದಾಯದ ಲೆಕ್ಕ ಇವನ್ನೆಲ್ಲ ಪದವಿಯಲ್ಲಿ ಓದಿ ಒಳ್ಳೆಯ ಅಂಕ ಪಡೆದಿದ್ದೆ. ಆದರೆ ಮೊದಲ ಸೆಮಿಸ್ಟರಿನ ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ, ಬೆಲೆ ಏರಿದರೆ ಕೊಳ್ಳುವ ಪ್ರಮಾಣ ಇಳಿಯುತ್ತದೆ ಎಂದಷ್ಟೇ ಬರೆದರೆ ಸಾಲುತ್ತಿರಲಿಲ್ಲ; ಆ ಇಳಿಕೆಯಲ್ಲಿ ಬದಲಿ ಪರಿಣಾಮದ (ಬೇರೆ ವಸ್ತುವಿನತ್ತ ಹೊರಳುವುದರ) ಪಾಲೆಷ್ಟು, ಆದಾಯ ಪರಿಣಾಮದ (ಕೈಯಲ್ಲಿನ ಹಣದ ಕೊಳ್ಳುವ ಶಕ್ತಿ ಕುಗ್ಗುವುದರ) ಪಾಲೆಷ್ಟು ಎಂಬುದನ್ನು ಸ್ಲಟ್‌ಸ್ಕಿ ಸಮೀಕರಣದಿಂದ ಬಿಡಿಸಿ ತೋರಿಸಿ, ಅದು ಯಾವ ಊಹೆಗಳ ಮೇಲೆ ನಿಂತಿದೆ ಎಂಬುದನ್ನೂ ವಿವರಿಸಬೇಕಿತ್ತು.

ಟಿಪ್ಪಣಿ ಓದುವಾಗ ಸಮೀಕರಣವನ್ನು ಸಾಧಿಸುವ ಪ್ರತಿ ಸಾಲೂ ಅರ್ಥವಾಗುತ್ತಿತ್ತು. ಖಾಲಿ ಹಾಳೆಯ ಮುಂದೆ ಕುಳಿತರೆ ಎರಡನೆಯ ಸಾಲೇ ಹೊಳೆಯುತ್ತಿರಲಿಲ್ಲ. ಅಂದಿನಿಂದ ಪ್ರತಿ ಸಂಜೆ ಟಿಪ್ಪಣಿಯನ್ನು ಮುಚ್ಚಿಟ್ಟು ಅಂದಿನ ಪಾಠವನ್ನು ಮೊದಲಿನಿಂದ ಬರೆಯತೊಡಗಿದೆ, ಎಲ್ಲಿ ನಿಂತೆನೋ ಅಲ್ಲಿ ಕಾರಣವನ್ನು ಅಂಚಿನಲ್ಲಿ ಗುರುತಿಸಿಕೊಂಡೆ. ಒಂದು ತಿಂಗಳ ಗುರುತುಗಳನ್ನು ಒಟ್ಟಿಗೆ ನೋಡಿದಾಗ, ನಾನು ತಡವರಿಸುತ್ತಿದ್ದುದು ಅರ್ಥಶಾಸ್ತ್ರದಲ್ಲಲ್ಲ, ಆಂಶಿಕ ಅವಕಲನ ಮತ್ತು ಲಗ್ರಾಂಜ್ ಗುಣಕ ಎಂಬ ಗಣಿತ ವಿಧಾನಗಳ ಬಳಕೆಯಲ್ಲಿ ಎಂದು ತಿಳಿಯಿತು. ಗಣಿತ ವಿಭಾಗದ ಅಧ್ಯಾಪಕರ ಅನುಮತಿ ಪಡೆದು ಅವರ ಪದವಿ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಲಿತೆ. ಹಲವು ವಿಭಾಗಗಳು ಒಂದೇ ಆವರಣದಲ್ಲಿರುವ ವಿಶ್ವವಿದ್ಯಾಲಯದ ಈ ಅನುಕೂಲವನ್ನು ನಾನು ಇನ್ನೂ ಮೊದಲೇ ಬಳಸಿಕೊಳ್ಳಬೇಕಿತ್ತು. ಈ ಗಣಿತ ಕೈಗೆ ಹತ್ತಿದ ಮೇಲೆ ಸಮಗ್ರ ಅರ್ಥಶಾಸ್ತ್ರದಲ್ಲಿ ಅರ್ಥಶಾಸ್ತ್ರಜ್ಞ ಸೊಲೊ 1956ರಲ್ಲಿ ಮಂಡಿಸಿದ ಬೆಳವಣಿಗೆಯ ಮಾದರಿಯಂಥವು ಹೆಚ್ಚು ಕಾಡಲಿಲ್ಲ.

ನನ್ನ ಓದಿನ ದಿಕ್ಕು ಬದಲಾದದ್ದು ಅರ್ಥಮಿತಿಶಾಸ್ತ್ರದ (ದತ್ತಾಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಖೆಯ) ಒಂದು ಅಭ್ಯಾಸದಿಂದ. ಪ್ರಕಟವಾದ ಯಾವುದಾದರೂ ಸಂಶೋಧನಾ ಲೇಖನದ ಒಂದು ಕೋಷ್ಟಕವನ್ನು ಮೂಲ ದತ್ತಾಂಶದಿಂದ ನಾವೇ ಮತ್ತೆ ಸಿದ್ಧಪಡಿಸಬೇಕಿತ್ತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಕನಿಷ್ಠ ವೇತನದ ಬಗ್ಗೆ 1994ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆರಿಸಿಕೊಂಡೆ. ಅದರ ದತ್ತಾಂಶ ಎಲ್ಲರಿಗೂ ದೊರೆಯುತ್ತದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 1992ರ ಏಪ್ರಿಲ್ 1ರಂದು ಗಂಟೆಯ ಕನಿಷ್ಠ ವೇತನ 4.25 ಡಾಲರಿನಿಂದ 5.05 ಡಾಲರಿಗೆ ಏರಿತು. ನೆರೆಯ ಪೆನ್ಸಿಲ್ವೇನಿಯದಲ್ಲಿ ಏರಲಿಲ್ಲ. ಏರಿಕೆಗೆ ಮೊದಲೂ ನಂತರವೂ ಎರಡೂ ಕಡೆಯ ಫಾಸ್ಟ್‌ಫುಡ್ ಮಳಿಗೆಗಳಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದರು ಎಂಬುದನ್ನು ಅವರು ಹೋಲಿಸಿದ್ದರು. ಮಳಿಗೆಗಳ ಸಂಖ್ಯೆ 410.

ಮೊದಲ ಪ್ರಯತ್ನದಲ್ಲಿ ನನ್ನ ಸರಾಸರಿಗಳು ತೀರ ಹೆಚ್ಚಾಗಿ ಬಂದವು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಎರಡು ದಿನ ಕಳೆದೆ. ತಪ್ಪಿದ್ದದ್ದು ನನ್ನ ಎಣಿಕೆಯಲ್ಲಿ: ಲೇಖಕರು ಅರೆಕಾಲಿಕ ಕೆಲಸಗಾರರನ್ನು ಅರ್ಧ ಎಂದು ಲೆಕ್ಕ ಹಿಡಿದಿದ್ದರು, ನಾನು ಇಡಿಯಾಗಿ ಹಿಡಿದಿದ್ದೆ. ತಾತ್ಕಾಲಿಕವಾಗಿ ಮುಚ್ಚಿದ್ದ ನಾಲ್ಕು ಮಳಿಗೆಗಳನ್ನು ಸೊನ್ನೆ ಎಂದು ಎಣಿಸಬೇಕೋ, ಮಾಹಿತಿಯಿಲ್ಲ ಎಂದು ಬಿಡಬೇಕೋ ಎಂಬುದೂ ಒಂದು ತೀರ್ಮಾನವೇ. ಸೊನ್ನೆ ಎಂದರೆ ಎರಡು ರಾಜ್ಯಗಳ ಬದಲಾವಣೆಗಳ ವ್ಯತ್ಯಾಸದ ಅಂದಾಜು ತುಸು ಕುಗ್ಗುತ್ತದೆ. ಇಂಥ ತೀರ್ಮಾನಗಳು ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿರುತ್ತವೆ. ಅದುವರೆಗೆ ನಾನು ಅವನ್ನು ಓದುತ್ತಲೇ ಇರಲಿಲ್ಲ.

ಸರಿಪಡಿಸಿದ ಮೇಲೆ ನ್ಯೂಜೆರ್ಸಿಯಲ್ಲಿ ಮಳಿಗೆಯೊಂದರ ಸರಾಸರಿ ಉದ್ಯೋಗ 20.44ರಿಂದ 21.03ಕ್ಕೆ ಏರಿದ್ದೂ, ಪೆನ್ಸಿಲ್ವೇನಿಯದಲ್ಲಿ 23.33ರಿಂದ 21.17ಕ್ಕೆ ಇಳಿದದ್ದೂ ನನ್ನ ಪರದೆಯ ಮೇಲೆ ಮೂಡಿದವು. ಎರಡು ಬದಲಾವಣೆಗಳ ವ್ಯತ್ಯಾಸ 2.76, ಅದರ ಪ್ರಮಾಣಿತ ದೋಷ (ಅಂದಾಜಿನ ಅನಿಶ್ಚಿತತೆಯ ಅಳತೆ) 1.36. ಆ ಕ್ಷಣದ ಸಂತೋಷ ಇಂದಿಗೂ ನೆನಪಿದೆ. ಪೈಪೋಟಿಯ ಮಾರುಕಟ್ಟೆಯ ಮಾದರಿ ಹೇಳುವಂತೆ ವೇತನ ಏರಿದಾಗ ಉದ್ಯೋಗ ಕುಗ್ಗಬೇಕಿತ್ತು. ಇಲ್ಲಿ ಕುಗ್ಗಿದ ಗುರುತಿರಲಿಲ್ಲ. ವೇತನವನ್ನು ತಾನೇ ನಿಗದಿಪಡಿಸುವ ಬಲ ಉದ್ಯೋಗದಾತನಿಗಿದ್ದಾಗ ಏನಾಗುತ್ತದೆ ಎಂಬ, ಇದನ್ನು ವಿವರಿಸಬಲ್ಲ ಅಧ್ಯಾಯವನ್ನು ಪರೀಕ್ಷೆಗೆ ಬರಲಾರದೆಂದು ಬಿಟ್ಟಿದ್ದೆ. ಆ ರಾತ್ರಿಯೇ ಹುಡುಕಿ ಓದಿದೆ. ಅರ್ಥಶಾಸ್ತ್ರಜ್ಞರಾದ ನ್ಯೂಮಾರ್ಕ್ ಮತ್ತು ವಾಷರ್ ವೇತನಪಟ್ಟಿಯ ದಾಖಲೆಗಳನ್ನು ಬಳಸಿ ಈ ಅಧ್ಯಯನದ ಬಗ್ಗೆ 2000ದಲ್ಲಿ ಎತ್ತಿದ ಆಕ್ಷೇಪವನ್ನೂ, ಅದಕ್ಕೆ ಕಾರ್ಡ್ ಮತ್ತು ಕ್ರೂಗರ್ ಅದೇ ವರ್ಷ ಕೊಟ್ಟ ಉತ್ತರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ, ಈ ಶಾಸ್ತ್ರದಲ್ಲಿ ವಾದ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲ ಬಾರಿಗೆ ಕಂಡೆ.

ಪ್ರಬಂಧಕ್ಕೆ ವಿಷಯ ಹುಡುಕುವಾಗ ಈ ಅಭ್ಯಾಸ ನೇರವಾಗಿ ನೆರವಾಯಿತು. ಶಿಕ್ಷಣ ವೆಚ್ಚಕ್ಕೂ ಆದಾಯಕ್ಕೂ ಇರುವ ಸಂಬಂಧ ಎಂಬ ನನ್ನ ಮೊದಲ ವಿಷಯವನ್ನು ಮಾರ್ಗದರ್ಶಕರ ಬಳಿ ಒಯ್ಯುವ ಮೊದಲು, ನನ್ನ ಪೆನ್ಸಿಲ್ವೇನಿಯ, ಅಂದರೆ ಬದಲಾವಣೆ ತಾಗದ ಹೋಲಿಕೆಯ ಗುಂಪು, ಯಾವುದು ಎಂದು ಹಾಳೆಯ ಮೇಲೆ ಬರೆದುಕೊಂಡು ಕುಳಿತೆ. ಹೆಚ್ಚು ಆದಾಯದ ಕುಟುಂಬವೇ ಶಿಕ್ಷಣಕ್ಕೆ ಹೆಚ್ಚು ಖರ್ಚು ಮಾಡಿದರೆ, ಯಾವುದು ಕಾರಣ, ಯಾವುದು ಪರಿಣಾಮ ಎಂದು ಬೇರ್ಪಡಿಸಲು ನನ್ನ ದತ್ತಾಂಶದಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. ಆ ವಿಷಯವನ್ನು ಕೈಬಿಟ್ಟು, ನಿಯಮವೊಂದು ಕೆಲವು ಜಿಲ್ಲೆಗಳಲ್ಲಿ ಮೊದಲೂ ಉಳಿದವುಗಳಲ್ಲಿ ನಂತರವೂ ಜಾರಿಯಾದ ಸಂದರ್ಭವನ್ನು ಆರಿಸಿಕೊಂಡೆ.