ಕಿಟ್ ತಂದು ಕೋವಿ ಕಟ್ಟಿದ್ದು

ಮೊದಲ ಸಲ ಕೋವಿ ಕಟ್ಟಲು ಹೊರಟವರು ಯಾವ ಉಳಿ ತರಲಿ, ಎಷ್ಟು ನಂಬರಿನ ಸ್ಯಾಂಡ್ ಪೇಪರ್ ತರಲಿ ಎಂದು ಕೇಳುತ್ತಾರೆ. ಅದೆಲ್ಲ ಆಮೇಲೆ. ಕೋವಿಯ ಬಿಡಿಭಾಗಗಳಿರುವ ಕಿಟ್ ಪೆಟ್ಟಿಗೆ ಬಿಚ್ಚಿದ ಕೂಡಲೇ ನಳಿಗೆಯ ಹಿಂಭಾಗದ ಬದಿಯಲ್ಲಿ ಒಂದು ಸಣ್ಣ ತೂತು ಇದೆಯೋ ಇಲ್ಲವೋ ನೋಡಿ. ಚಕಮಕಿ ಕಲ್ಲಿನ ಕಿಡಿಯಿಂದ ಹಾರುವ ಫ್ಲಿಂಟ್‌ಲಾಕ್ ಕೋವಿಯಲ್ಲಿ ಹೊರಗಿನ ಬಟ್ಟಲಲ್ಲಿ ಹೊತ್ತಿದ ಬೆಂಕಿ ಒಳಗಿನ ಮದ್ದಿಗೆ ತಲುಪುವುದು ಆ ತೂತಿನಿಂದ. ಅಗಲ ಹೆಚ್ಚುಕಮ್ಮಿ ಇಂಚಿನ ಹದಿನಾರನೇ ಒಂದು ಭಾಗ, ಅಷ್ಟೇ. ನಳಿಗೆ ಎಲ್ಲಿ ಕೂರಬೇಕು, ಕಿಡಿ ಹೊಡೆಯುವ ಯಂತ್ರವಾದ ಲಾಕ್ ಎಲ್ಲಿ ಬರಬೇಕು, ಟ್ರಿಗರ್ ಎಲ್ಲಿ ತೂಗಬೇಕು ಎನ್ನುವುದೆಲ್ಲ ಆ ತೂತಿನಿಂದಲೇ ತೀರ್ಮಾನವಾಗುತ್ತದೆ. ಅದನ್ನು ಮರೆತು ಮರ ಕೆತ್ತಲು ಕೂತರೆ ಗೋಡೆಗೆ ನೇತುಹಾಕಲು ಚೆಂದದ ಸಾಮಾನು ಸಿಗಬಹುದು, ಈಡು ಹಾರುವುದಿಲ್ಲ.

ನಾನು ಕಟ್ಟಿದ್ದು ಪೆನ್ಸಿಲ್ವೇನಿಯಾ ಉದ್ದಕೋವಿ. ಕೆಂಟುಕಿ ರೈಫಲ್ ಎಂದು ಹೆಸರಾಗಿದ್ದರೂ ಅದು ಹುಟ್ಟಿದ್ದು ಇಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, 18ನೇ ಶತಮಾನದಲ್ಲಿ, ಲ್ಯಾಂಕಾಸ್ಟರ್ ಸುತ್ತಮುತ್ತ ಬಂದು ನೆಲೆಸಿದ ಜರ್ಮನ್ ಕೋವಿಗಾರರ ಕೈಯಲ್ಲಿ. ಅವರ ಊರಿನ ಗಿಡ್ಡ, ದಪ್ಪ ಬೇಟೆ ಕೋವಿ ಇಲ್ಲಿಯ ಕಾಡಿಗೆ ಬಂದು ಉದ್ದವಾಯಿತು, ಸಪೂರವಾಯಿತು. ಎಂಟು ಪಟ್ಟಿಯ ನಳಿಗೆ, ಅಲೆ ಅಲೆ ಎಳೆಯಿರುವ ಮೇಪಲ್ ಮರ, ಹಿತ್ತಾಳೆಯ ಸಾಮಾನು. ನಾನು ಮಲೆನಾಡಿನವನು. ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೇಪಿನ ಕೋವಿ ನಮ್ಮ ಕಡೆ ಹಲವು ಮನೆಗಳಲ್ಲಿದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರುವುದೇ ಒಂದು ದಿನದ ಕೆಲಸ. ಹಾಗಾಗಿ ಬಾಯಿಂದ ಮದ್ದು ತುಂಬುವ ಕೋವಿ ನನಗೆ ಹೊಸದಲ್ಲ. ಕಟ್ಟುವುದು ಮಾತ್ರ ಹೊಸದು.

ಕಾನೂನಿನ ಮಾತು ಮುಗಿಸಿಬಿಡೋಣ. ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಕರಿಮದ್ದಿನಿಂದ ಹಾರಿಸುವ, ಬಾಯಿಂದ ತುಂಬುವ ಇಂಥ ಹಳೆ ಮಾದರಿಯ ಕೋವಿ ‘ಬಂದೂಕು’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಆದರೆ ಇದು ಫೆಡರಲ್ ಕಾನೂನು ಮಾತ್ರ. ನ್ಯೂಜೆರ್ಸಿಯಂಥ ರಾಜ್ಯಗಳು ಇದನ್ನೂ ಬಂದೂಕೆಂದೇ ಹಿಡಿಯುತ್ತವೆ. ಎಚ್-1ಬಿಯಂಥ ವೀಸಾದಲ್ಲಿರುವವರಿಗೆ ಮಾಮೂಲಿ ಬಂದೂಕು ಇಟ್ಟುಕೊಳ್ಳಲು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಅವಕಾಶವಿಲ್ಲ. ಹಾಗಿರುವಾಗ ‘ಇದು ಬಂದೂಕಲ್ಲವಲ್ಲ’ ಎಂದು ನೀವೇ ತೀರ್ಪು ಕೊಟ್ಟುಕೊಳ್ಳದೆ ವಕೀಲರನ್ನು ಒಂದು ಮಾತು ಕೇಳಿ ಆರ್ಡರ್ ಮಾಡಿ. ಊರಲ್ಲಿ ಇದನ್ನು ಮಾಡುವ ಯೋಚನೆಯೇ ಬೇಡ. ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಕಟ್ಟುವುದಕ್ಕಲ್ಲ.

ಕಿಟ್‌ಗಳಲ್ಲಿ ಮೂರು ತರಹ. ಅಗ್ಗದ್ದರಲ್ಲಿ ಮುಕ್ಕಾಲು ಕೆಲಸ ಕಾರ್ಖಾನೆಯೇ ಮಾಡಿರುತ್ತದೆ, ನಿಮಗೆ ಉಳಿಯುವುದು ಉಜ್ಜುವುದು, ಬಣ್ಣ ಹಚ್ಚುವುದು. ಈಚೆಗೆ ಕಂಪ್ಯೂಟರ್ ಯಂತ್ರದಲ್ಲಿ ಕೊರೆದ ಕಿಟ್ ಬರುತ್ತಿದೆ. ಅದರಲ್ಲಿ ಭಾಗಗಳು ಕೂದಲೆಳೆ ಲೆಕ್ಕದಲ್ಲಿ ಕೂರುತ್ತವೆ, ಬೆಲೆಯೂ ಹಾಗೇ ಇರುತ್ತದೆ. ಮೂರನೆಯದು ಒರಟಾಗಿ ಕೆತ್ತಿದ ಮರ ಮತ್ತು ಒಂದು ಚೀಲ ಸಾಮಾನು. ಹೊಸಬರಿಗೆ ನನ್ನ ಸಲಹೆ ಎರಡನೆಯದು. ದುಡ್ಡು ಹೆಚ್ಚಾದರೂ ಚಿಂತೆಯಿಲ್ಲ, ಅದರಲ್ಲಿ ಲಾಕ್ ಚೆನ್ನಾಗಿರುತ್ತದೆ. ಕಿಡಿ ಬೀಳದ ಲಾಕನ್ನು ಸರಿಮಾಡುವ ಕೆಲಸ ಕಲಿಯುವವರ ಕೈಗೆ ಬರಬಾರದು. ಯಾವ ಕಿಟ್ ತಂದರೂ ನಳಿಗೆಯ ಹಿಂಬಾಯಿ ಮುಚ್ಚಿರುವ ಬ್ರೀಚ್ ಪ್ಲಗ್ ಎಂಬ ತಿರುಪನ್ನು ಮಾತ್ರ ಬಿಚ್ಚಬೇಡಿ. ಅದು ಕಾರ್ಖಾನೆಯವರು ಕೂರಿಸಿದಂತೆಯೇ ಇರಲಿ.

ಈಗ ನಳಿಗೆ. ಅದು ಮರದ ಕಾಲುವೆಯಲ್ಲಿ ತಳಮುಟ್ಟ ಕೂರಬೇಕು, ಅದರ ಹಿಂಭಾಗ ಮರಕ್ಕೆ ಒತ್ತಿಕೊಂಡಿರಬೇಕು. ಈಡು ಹೊಡೆದಾಗ ಹಿಂದಕ್ಕೆ ನೂಕುವ ಬಲವನ್ನೆಲ್ಲ ತಡೆಯುವುದು ಆ ಒಂದು ಮುಖ. ಅಲ್ಲಿ ಸಂದು ಉಳಿದರೆ ಕೆಲವೇ ದಿನದಲ್ಲಿ ಮರ ಸೀಳುತ್ತದೆ. ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂದು ತಿಳಿಯಲು ಲೋಹಕ್ಕೆ ಕಪ್ಪು ಹಚ್ಚಿ, ಮರದೊಳಗೆ ಇಳಿಸಿ, ಎತ್ತಿ ನೋಡಬೇಕು. ಇದಕ್ಕೆಂದೇ ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ, ಕೆಲವರು ಲಿಪ್‌ಸ್ಟಿಕ್ ಬಳಸುತ್ತಾರೆ. ನಾನು ದೀಪದ ಮಸಿಗೆ ಎರಡು ಹನಿ ಎಣ್ಣೆ ಬೆರೆಸಿಕೊಂಡೆ, ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದಂತೆ. ತೆಳ್ಳಗೆ ಹಚ್ಚಬೇಕು. ಮರದಲ್ಲಿ ಕಪ್ಪು ಚುಕ್ಕೆ ಬಿದ್ದ ಕಡೆ ಮಾತ್ರ ಉಳಿಯ ಬಾಯಿಂದ ಕೆರೆಯಿರಿ, ಒಂದು ಸಲಕ್ಕೆ ಕಾಗದದಷ್ಟು. ಮತ್ತೆ ಇಳಿಸಿ, ಮತ್ತೆ ಎತ್ತಿ. ಮೊದಮೊದಲು ಚುಕ್ಕೆ ಎರಡೋ ಮೂರೋ ಇರುತ್ತವೆ, ಬರಬರುತ್ತಾ ಹರಡಿಕೊಂಡು ಇಡೀ ಮುಖ ಬೂದಿಬಣ್ಣಕ್ಕೆ ತಿರುಗುತ್ತದೆ. ಆಗ ನಿಲ್ಲಿಸಿ. ಇನ್ನೊಂಚೂರು ಎಂದು ಕೆರೆದರೆ ಎದುರುಗಡೆ ಸಂದು ಬಿಡುತ್ತದೆ.

ನಳಿಗೆ ಕೂತ ಮೇಲೆ ತೂತಿನ ಲೆಕ್ಕ. ಕೆಲವು ಕಿಟ್‌ಗಳಲ್ಲಿ ಅದನ್ನು ಕೊರೆದಿರುವುದಿಲ್ಲ, ನೀವೇ ಜಾಗ ಗುರುತು ಮಾಡಬೇಕು. ಗುಂಡನ್ನು ಒಳಗೆ ನೂಕುವ ಸಲಾಕೆಯನ್ನು ನಳಿಗೆಯ ಬಾಯಿಂದ ಇಳಿಸಿ, ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಒಂದು ಗೀಟು ಹಾಕಿ. ಅದೇ ಸಲಾಕೆಯನ್ನು ಹೊರಗಡೆ ನಳಿಗೆಯ ಮಗ್ಗುಲಿಗೆ ಹಿಡಿದರೆ ಒಳಗೆ ಬ್ರೀಚ್ ಪ್ಲಗ್ಗಿನ ಮುಖ ಎಲ್ಲಿದೆಯೆಂದು ಗೊತ್ತಾಗುತ್ತದೆ. ತೂತು ಅದಕ್ಕಿಂತ ಮುಂದೆ ಬರಬೇಕು, ಇಲ್ಲದಿದ್ದರೆ ಕಬ್ಬಿಣಕ್ಕೆ ಬೆಂಕಿ ಇಟ್ಟಂತಾಗುತ್ತದೆ. ಲಾಕಿನ ಬಟ್ಟಲಿನ ಉದ್ದಕ್ಕೆ ನೋಡಿದರೆ ತೂತು ನಡುಮಧ್ಯ, ಎತ್ತರಕ್ಕೆ ನೋಡಿದರೆ ಬಟ್ಟಲಿನ ಮೇಲಂಚಿನ ಮಟ್ಟ. ಕೆಳಗಾದರೆ ಬಟ್ಟಲಿನ ಮದ್ದು ತೂತನ್ನೇ ಮುಚ್ಚುತ್ತದೆ. ಆಗ ಬೆಂಕಿ ಒಳಗೆ ಹಾರುವ ಬದಲು ಬತ್ತಿಯ ಹಾಗೆ ನಿಧಾನಕ್ಕೆ ಉರಿಯುತ್ತಾ ಹೋಗುತ್ತದೆ. ಟ್ರಿಗರ್ ಎಳೆದದ್ದಕ್ಕೂ ಈಡು ಹಾರಿದ್ದಕ್ಕೂ ನಡುವೆ ಕಿವಿಗೆ ಕೇಳುವಷ್ಟು ಅಂತರ ಬಿದ್ದರೆ ಮೊದಲು ಇಲ್ಲಿಯೇ ಹುಡುಕಿ.

ಲಾಕನ್ನು ನಳಿಗೆಗೆ ಅಂಟಿಸಿದಂತೆ ಕೂರಿಸಿ. ಬಟ್ಟಲಿಗೂ ನಳಿಗೆಗೂ ನಡುವೆ ಉಗುರು ತೂರುವಂತಿರಬಾರದು. ಟ್ರಿಗರ್ ಬರುವುದು ಲಾಕ್ ಆದ ಮೇಲೆಯೇ. ಅದು ತಿರುಗುವ ಪಿನ್ನು ಲಾಕಿನಲ್ಲಿ ಹ್ಯಾಮರನ್ನು ಹಿಡಿದಿಡುವ ಸಿಯರ್ ಎಂಬ ಕೊಕ್ಕೆಯ ತೋಳಿಗೆ ಹತ್ತಿರವಿದ್ದಷ್ಟೂ ಎಳೆತ ಹಗುರ. ಆದರೆ ಸುಮ್ಮನೆ ಇರುವಾಗ ಟ್ರಿಗರ್ ಆ ತೋಳನ್ನು ಒತ್ತುತ್ತಿರಬಾರದು. ಹ್ಯಾಮರನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಟ್ರಿಗರ್ ಎಳೆಯಿರಿ. ಹ್ಯಾಮರ್ ಬೀಳಬಾರದು. ಬಿದ್ದರೆ ಆ ಕೋವಿಗೆ ಮದ್ದು ಹಾಕುವ ಮಾತೇ ಇಲ್ಲ, ನೇರ ಕೋವಿ ರಿಪೇರಿಯವರ ಹತ್ತಿರ. ಸಿಯರ್ ಕಚ್ಚನ್ನು ಅರದಿಂದ ಉಜ್ಜಿ ‘ಮೃದು’ ಮಾಡುವ ಚಪಲ ಕೆಲವರಿಗಿದೆ. ಅದು ಅಪಾಯ.

ಮರ ಇಳಿಸುವ ವಿಚಾರದಲ್ಲಿ ಹೊಸಬರೆಲ್ಲ ಜಿಪುಣರು. ಕಿಟ್ಟಿನಲ್ಲಿ ಮರ ಬೇಕಾದ್ದಕ್ಕಿಂತ ದಪ್ಪವಾಗಿಯೇ ಬಂದಿರುತ್ತದೆ. ಅದನ್ನು ನುಣ್ಣಗೆ ಮಾಡಿ ಬಿಟ್ಟರೆ ಕೋವಿಯ ಬದಲು ಒನಕೆ ಎದೆಗಿಟ್ಟಂತೆ ಕಾಣುತ್ತದೆ. ಲ್ಯಾಂಕಾಸ್ಟರಿನ ಲ್ಯಾಂಡಿಸ್ ವ್ಯಾಲಿಯಂಥ ಮ್ಯೂಸಿಯಮ್ಮುಗಳಲ್ಲಿ ಹಳೆಯ ಕೋವಿಗಳನ್ನು ನೋಡಿ. ಮುಂಗೈಯ ಬಳಿ ನಳಿಗೆಯ ಪಕ್ಕ ಉಳಿದಿರುವ ಮರ ನೋಡಿದರೆ ಇದು ಹೇಗೆ ನಿಂತಿದೆ ಅನ್ನಿಸುತ್ತದೆ. ಸ್ಯಾಂಡ್ ಪೇಪರಿಗಿಂತ ಕೆರೆಯುವ ತಗಡು ಒಳ್ಳೆಯದು. ಪೇಪರ್ ಹಿಡಿದು ಉಜ್ಜಿದರೆ ಅಂಚುಗಳೆಲ್ಲ ಸೋಪಿನಂತೆ ಸವೆದು ಲಾಕಿನ ಸುತ್ತಲಿನ ಚೂಪು ಗೆರೆ ಕಳೆದುಹೋಗುತ್ತದೆ. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ, ಎದ್ದ ನಾರನ್ನು ಕೆರೆಯಿರಿ, ಮತ್ತೆ ಒರೆಸಿ. ನಳಿಗೆಯನ್ನು ಹಿಡಿಯುವ ಪಿನ್ನುಗಳಿಗೆ ನಳಿಗೆಯ ಕೆಳಗಿನ ಕಿವಿಗಳಲ್ಲಿ ದುಂಡು ತೂತಿನ ಬದಲು ಸ್ವಲ್ಪ ಉದ್ದದ ಸೀಳು ಇರಲಿ. ಇಲ್ಲಿಯ ಬೇಸಿಗೆಯಲ್ಲಿ ಮರ ನೀರು ಕುಡಿದು ಹಿಗ್ಗುತ್ತದೆ, ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಕುಗ್ಗುತ್ತದೆ. ಕಬ್ಬಿಣ ಎರಡನ್ನೂ ಮಾಡುವುದಿಲ್ಲ.

ಬಣ್ಣದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಮೇಪಲ್ಲಿಗೆ ಹಳಬರು ಹಚ್ಚುತ್ತಿದ್ದದ್ದು ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ನೀರು. ಮನೆಯಲ್ಲಿ ಆ ಹೊಗೆ ಕುಡಿಯುವ ಅಗತ್ಯವಿಲ್ಲ, ಫೆರಿಕ್ ನೈಟ್ರೇಟ್ ಹರಳು ಸಿಗುತ್ತದೆ. ನೀರಿಗೆ ಹಾಕಿ, ಕೈಗವಸು ತೊಟ್ಟು ಬಳಿಯಿರಿ. ಒಣಗಿದಾಗ ಮರ ಕಾಯಿಲೆ ಬಂದ ಹಾಗೆ ಹಸಿರು-ಹಳದಿಯಾಗಿರುತ್ತದೆ, ಹೆದರಬೇಡಿ. ಬಿಸಿಗಾಳಿಯ ಗನ್ ಹಿಡಿದು ನಿಧಾನಕ್ಕೆ ಸರಿಸುತ್ತಾ ಹೋದರೆ ಕಣ್ಣೆದುರೇ ಕೆಂಗಂದು ಬಣ್ಣ ಓಡಿಬರುತ್ತದೆ, ಅದುವರೆಗೆ ಕಾಣದಿದ್ದ ಅಡ್ಡ ಪಟ್ಟೆಗಳೆಲ್ಲ ಎದ್ದು ನಿಲ್ಲುತ್ತವೆ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ಒರೆಸಿ ಆಮ್ಲ ತೆಗೆದು, ಅಗಸೆ ಎಣ್ಣೆ ತೆಳ್ಳಗೆ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ನಳಿಗೆಗೆ ಕಂದು ಬಣ್ಣ ಬರುವುದು ತುಕ್ಕಿನಿಂದ. ಜಿಡ್ಡು ತೆಗೆದು, ತುಕ್ಕು ಹಿಡಿಸುವ ದ್ರಾವಣ ಬಳಿದು, ತೇವ ತುಂಬಿದ ಕೋಣೆಯಲ್ಲಿ ನೇತುಹಾಕಿ, ಎದ್ದ ತುಕ್ಕನ್ನು ಒರಟು ಬಟ್ಟೆಯಿಂದ ಉಜ್ಜಿ, ಮತ್ತೆ ಬಳಿಯುವುದು. ಆಗುಂಬೆಯಲ್ಲಾದರೆ ಜುಲೈ ತಿಂಗಳಲ್ಲಿ ಜಗಲಿಗೆ ಇಟ್ಟರೆ ಸಾಕಿತ್ತು. ಇಲ್ಲಿ ಚಳಿಗಾಲದಲ್ಲಿ ಬಚ್ಚಲಮನೆಯ ಬಿಸಿನೀರು ಬಿಟ್ಟು ಬಾಗಿಲು ಹಾಕಿಕೊಳ್ಳಬೇಕಾಯಿತು. ಮನೆಯಾಕೆಯ ಅಭಿಪ್ರಾಯ ಇಲ್ಲಿ ಬರೆಯುವುದಿಲ್ಲ.

ಮೊದಲ ಈಡಿಗೆ ರೇಂಜಿಗೇ ಹೋಗಿ, ಹಳಬರೊಬ್ಬರನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳಿ. 1933ರಲ್ಲಿ ಶುರುವಾದ ಬಾಯಿಮದ್ದಿನ ಕೋವಿಗಾರರ ರಾಷ್ಟ್ರೀಯ ಸಂಘದ ರೇಂಜ್ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿದೆ. ಅಂಥವರು ಹೊಸಬರೆಂದರೆ ಸಂತೋಷದಿಂದ ಬರುತ್ತಾರೆ. ಕರಿಮದ್ದು ಅಥವಾ ಅದರ ಬದಲಿಗೆಂದೇ ಮಾಡಿದ್ದು ಬಿಟ್ಟು ಈಗಿನ ಹೊಗೆರಹಿತ ಮದ್ದು ಚಿಟಿಕೆಯಷ್ಟೂ ಬೇಡ, ನಳಿಗೆ ಸಿಡಿಯುತ್ತದೆ. ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ. ಒಳಗೆ ಕೆಂಡದ ಚೂರು ಉಳಿದಿದ್ದರೆ ಡಬ್ಬಿಯೇ ಹೊತ್ತುತ್ತದೆ. ಅಳತೆಯ ಕೊಳವೆಗೆ ಹಾಕಿ ಆಮೇಲೆ ಸುರಿಯಿರಿ. ಎಷ್ಟೆಂಬುದು ನಳಿಗೆ ಮಾಡಿದವರ ಕೈಪಿಡಿಯಲ್ಲಿರುತ್ತದೆ, ಕನಿಷ್ಠದಿಂದ ಶುರುಮಾಡಿ. ಗುಂಡು ಮದ್ದಿನ ಮೇಲೆ ತಳಮುಟ್ಟ ಕೂತಾಗ ಸಲಾಕೆಗೆ ಒಂದು ಗುರುತು, ಖಾಲಿ ನಳಿಗೆಗೆ ಇನ್ನೊಂದು ಗುರುತು ಇರಲಿ. ಕೋವಿ ತುಂಬಿದೆಯೋ ಇಲ್ಲವೋ ಎಂದು ಯಾರ ಮಾತನ್ನೂ ನಂಬಬೇಕಿಲ್ಲ. ಬಟ್ಟಲು ಹೊತ್ತಿಯೂ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಅಲುಗಾಡದೆ ನಿಲ್ಲಿ.

ನಳಿಗೆಯ ತುದಿಯಲ್ಲಿರುವ ಮುಂಗುರಿಯನ್ನು ಕಿಟ್ಟಿನವರು ಬೇಕೆಂದೇ ಎತ್ತರ ಕೊಟ್ಟಿರುತ್ತಾರೆ, ಅದಕ್ಕೇ ಮೊದಮೊದಲು ಗುಂಡು ಕೆಳಗೆ ಬೀಳುತ್ತದೆ. ಕೂಡಲೇ ಅರ ಹಿಡಿಯಬೇಡಿ. ಮದ್ದಿನ ಅಳತೆ, ಗುಂಡಿಗೆ ಸುತ್ತುವ ಬಟ್ಟೆಯ ದಪ್ಪ ಎರಡೂ ನಿಮ್ಮ ಕೋವಿಗೆ ಒಗ್ಗಿ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುವವರೆಗೆ ಕಾಯಿರಿ. ಆಮೇಲೆ ಅರದಿಂದ ಒಂದೆರಡು ಎಳೆತ, ಮತ್ತೆ ಈಡು. ತೆಗೆದ ಹಿತ್ತಾಳೆಯನ್ನು ಮತ್ತೆ ಹಚ್ಚಲಾಗುವುದಿಲ್ಲ. ಅಂದು ಸಂಜೆ ಎಷ್ಟೇ ಸುಸ್ತಾಗಿದ್ದರೂ ನಳಿಗೆಯನ್ನು ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಯೇ ಮಲಗಿ. ಕರಿಮದ್ದಿನ ಮಸಿ ಗಾಳಿಯ ನೀರು ಹೀರಿ ಬೆಳಗಾಗುವುದರೊಳಗೆ ತುಕ್ಕು ಎಬ್ಬಿಸಿರುತ್ತದೆ, ಅದು ಹೊರಗಿನ ಚೆಂದದ ತುಕ್ಕಲ್ಲ.